ಪುಟ್ಟ ಕೈಗಳ ತಿಂಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಸಂಜೆಯ ಹೊತ್ತಿಗೆ ಬೇಕರಿಯ ಬಿಸ್ಕತ್ತನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ನಾನು ಅಡುಗೆಮನೆಗೆ ಹೋದರೆ ಹಿಂದೆಯೇ ಬಂದು ಹಿಟ್ಟಿನ ಡಬ್ಬಿಗೆ ಕೈಹಾಕುತ್ತಾಳೆ. ಅವಳನ್ನೂ ಸೇರಿಸಿಕೊಂಡು ಮನೆಯಲ್ಲೇ ಏನಾದರೂ ಬೇಕ್ ಮಾಡೋಣವೆಂದರೆ ನಮ್ಮಲ್ಲಿ ಓವನ್ ಇಲ್ಲ. ಬೆಂಕಿಯ ಹತ್ತಿರ ಮಗುವನ್ನು ಬಿಡಬೇಡವೆಂದು ಅತ್ತೆಯವರ ಆಕ್ಷೇಪ ಬೇರೆ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಅತ್ತೆಯವರ ಮಾತು ಸರಿಯಾಗಿಯೇ ಇದೆ; ಆದರೆ ಆ ಕಾರಣಕ್ಕೆ ಮಗುವನ್ನು ಕೆಲಸದಿಂದಲೇ ದೂರವಿಡಬೇಕಾಗಿಲ್ಲ. ಬೇಕಿಂಗ್‌ನ ಅನುಕೂಲವೆಂದರೆ, ಒಲೆ ಹಚ್ಚುವ ಮೊದಲೇ ಅದರ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಆ ಮುಕ್ಕಾಲು ಭಾಗವನ್ನು ಚಾವಡಿಯಲ್ಲಿ ಚಾಪೆ ಹಾಸಿ ಮಗಳೊಂದಿಗೆ ಮಾಡಿರಿ, ಬೆಂಕಿಯ ಕೆಲಸಕ್ಕೆ ನೀವೊಬ್ಬರೇ ಹೋಗಿರಿ, ಆ ಹೊತ್ತು ಮಗು ಅಜ್ಜಿಯ ಬಳಿಯಲ್ಲಿರಲಿ.

ಓವನ್ ಇಲ್ಲದಿರುವುದು ದೊಡ್ಡ ಕೊರತೆಯೇನಲ್ಲ. ಉರುಳಿ ಎಂಬ ದಪ್ಪ ಪಾತ್ರೆಗೆ ಹಿಟ್ಟು ಹೊಯ್ದು, ಮುಚ್ಚಳದ ಮೇಲೂ ಕೆಂಡ ಹರಡಿ ಕಲ್ತಪ್ಪವೆಂಬ ಅಕ್ಕಿಯ ತಿಂಡಿಯನ್ನು ಬೇಯಿಸುವ ಕ್ರಮ ನಿಮ್ಮ ಕಡೆಗೆ ಹೊಸದಲ್ಲವಷ್ಟೆ. ಮುಚ್ಚಿದ ಪಾತ್ರೆಯೊಳಗೆ ಸುತ್ತಲಿಂದಲೂ ಒಣ ಶಾಖ ಕೊಡುವುದೇ ಬೇಕಿಂಗ್. ದಪ್ಪ ತಳದ ಬಾಣಲೆಯಲ್ಲಿ ಒಂದು ಅಂಗುಲದಷ್ಟು ಪುಡಿ ಉಪ್ಪನ್ನು ಹರಡಿ, ನಡುವೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿದರೆ ನಿಮ್ಮ ಓವನ್ ಸಿದ್ಧವಾಗುತ್ತದೆ. ನಾನ್‌ಸ್ಟಿಕ್ ಪಾತ್ರೆ ಇದಕ್ಕೆ ಬೇಡ. ಕುಕ್ಕರನ್ನು ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿಡಬೇಕು.

ಮೊದಲ ತಿಂಡಿಗೆ ನೇಂದ್ರ ಬಾಳೆಹಣ್ಣು ಮತ್ತು ರಾಗಿಯ ಬಿಸ್ಕತ್ತು ಒಳ್ಳೆಯದು. ಸಿಪ್ಪೆಯ ತುಂಬ ಕಪ್ಪು ಮಚ್ಚೆ ಬಂದು, ಅಂಗಡಿಯವರೂ ಬದಿಗೆ ಸರಿಸುವಷ್ಟು ಕಳಿತ ಎರಡು ಹಣ್ಣುಗಳನ್ನು ಆರಿಸಿಕೊಳ್ಳಿ. ಅಷ್ಟು ಕಳಿತರೆ ಸಕ್ಕರೆಯ ಅಗತ್ಯವೇ ಬೀಳುವುದಿಲ್ಲ. ಒಂದು ಕಪ್ ಗೋಧಿಹಿಟ್ಟು, ಹಸಿವಾಸನೆ ಹೋಗುವಂತೆ ಹುರಿದು ಆರಿಸಿದ ಅರ್ಧ ಕಪ್ ರಾಗಿಹಿಟ್ಟು, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದ ಸ್ವಲ್ಪ ಕಾಯಿತುರಿ, ಎರಡು ದೊಡ್ಡ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಏಲಕ್ಕಿಪುಡಿ – ಇಷ್ಟು ಸಾಕು. ರಾಗಿಯೊಂದನ್ನೇ ಹಾಕಿದರೆ ಅಂಟು ಸಾಲದೆ ಬಿಸ್ಕತ್ತು ಬಿರಿಯುತ್ತದೆ, ಆದ್ದರಿಂದ ಗೋಧಿಹಿಟ್ಟನ್ನು ಬಿಡಬೇಡಿ. ಚಪ್ಪಟೆಯಾಗಿ ತಟ್ಟಿ, ತುಪ್ಪ ಸವರಿದ ತಟ್ಟೆಯಲ್ಲಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಮುಂದೆ ಓವನ್ ಕೊಂಡರೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಸಾಕಾಗುತ್ತದೆ. ಇದು ಗರಿಗರಿಯಾಗುವ ಬಿಸ್ಕತ್ತಲ್ಲ, ಮೆತ್ತಗೇ ಇರುತ್ತದೆ, ಎಳೆಯ ಹಲ್ಲುಗಳಿಗೆ ಅದೇ ಸರಿ. ಹಣ್ಣಿನ ತೇವ ಇರುವುದರಿಂದ ಅಂದಂದೇ ತಿಂದು ಮುಗಿಸಬೇಕು. ಮಳೆಗಾಲದಲ್ಲಂತೂ ಬೂಸ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ.

ಮಗಳಿಗೆ ಯಾವ ಕೆಲಸ ಕೊಡಬೇಕೆಂಬುದೇ ಇಲ್ಲಿ ಮುಖ್ಯ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಸುಲಿದ ಹಣ್ಣನ್ನಿಟ್ಟು ಕಿವುಚಲು ಬಿಡಿ. ಮೊದಲು ಒಂದೇ ಬೆರಳಿನಲ್ಲಿ ಒತ್ತಿ ನೋಡುತ್ತಾಳೆ, ಆಮೇಲೆ ಮುಷ್ಟಿ ಹಿಡಿಯುತ್ತಾಳೆ, ಬೆರಳ ಸಂದಿಯಿಂದ ಹಣ್ಣು ಹೊರಬಂದಾಗ ನಿಮ್ಮ ಮುಖ ನೋಡುತ್ತಾಳೆ. ಆ ಹೊತ್ತಿಗೆ ಗದರದಿದ್ದರೆ ಅರ್ಧ ಗೆದ್ದಂತೆ. ನೀವು ಮೊದಲೇ ಅಳೆದಿಟ್ಟ ಹಿಟ್ಟನ್ನು ಸಣ್ಣ ಲೋಟದಿಂದ ಸುರಿಯುವುದು, ಉಂಡೆಯನ್ನು ಅಂಗೈಯಲ್ಲಿ ತಟ್ಟುವುದು – ಇವೂ ಅವಳಿಂದ ಆಗುವ ಕೆಲಸಗಳೇ. ಈ ವಯಸ್ಸಿನವರ ಗಮನ ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಎದ್ದು ಹೋದರೆ ಹೋಗಲಿ, ಉಳಿದುದನ್ನು ನೀವು ಮುಗಿಸಿರಿ. ಬಿಸ್ಕತ್ತುಗಳು ಒಂದೇ ಆಕಾರದಲ್ಲಿರಬೇಕೆಂದು ಅವಳು ತಟ್ಟಿದ್ದನ್ನು ಮತ್ತೆ ತಿದ್ದುವುದು ಮಾತ್ರ ಬೇಡ. ಮೊಬೈಲಿನಲ್ಲಿ ಫೋಟೋ ಹಿಡಿಯುವ ಆಸೆಯೇ ಎಷ್ಟೋ ಮನೆಗಳಲ್ಲಿ ಈ ಆಟವನ್ನು ಕೆಡಿಸುತ್ತದೆ.

ಕೈ ತೊಳೆಸಿಯೇ ಕೂರಿಸಿ. ಬೇಯದ ಹಿಟ್ಟನ್ನು ನೆಕ್ಕಲು ಬಿಡಬೇಡಿ. ಮೊಟ್ಟೆ ಹಾಕದಿದ್ದರೂ ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಬಾಯಿಗೆ ಏನಾದರೂ ಬೇಕೆಂದು ಹಟ ಹಿಡಿದರೆ ಕೊಡಲು ಒಂದು ತುಂಡು ಹಣ್ಣನ್ನು ಬೇರೆಯಾಗಿ ತೆಗೆದಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ದಿನ ಅವಳು ತಿನ್ನದೇ ಇರಬಹುದು. ಹೊಸ ರುಚಿಯೊಂದು ಮಗುವಿಗೆ ಒಗ್ಗಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಅದು ತಟ್ಟೆಗೆ ಬರಬೇಕಾಗುತ್ತದೆ. ಏನು, ಯಾವಾಗ ಬಡಿಸಬೇಕೆಂಬುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕೆಂಬುದನ್ನು ಅವಳಿಗೇ ಬಿಡಿ.

ಪ್ರಶ್ನೆ: ಅಂಗನವಾಡಿಯಿಂದ ಸಿಗುವ ಅಮೃತಂ ಪುಡಿಯನ್ನು ಕಾಯಿಸಿ ಕೊಟ್ಟರೆ ಮಗ ಉಗುಳುತ್ತಾನೆ. ಅದನ್ನು ಬಿಸ್ಕತ್ತಿಗೆ ಬಳಸಬಹುದೇ?
– ಓದುಗರು, ಪೆರ್ಲ

ಉತ್ತರ: ಧಾರಾಳವಾಗಿ ಬಳಸಬಹುದು. ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯ ತಾಂತ್ರಿಕ ನೆರವಿನಿಂದ ರೂಪುಗೊಂಡು, ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಡುಂಬಶ್ರೀಯ ಘಟಕಗಳಲ್ಲಿ ತಯಾರಾಗುವ ಈ ಪುಡಿಯಲ್ಲಿ ಗೋಧಿ, ಕಡಲೆಬೇಳೆ, ಸೋಯಾ, ನೆಲಗಡಲೆ ಮತ್ತು ಸಕ್ಕರೆ ಇರುತ್ತವೆ. ಮೇಲಿನ ಕ್ರಮದಲ್ಲಿ ರಾಗಿಯ ಬದಲಿಗೆ ಇದನ್ನು ಹಾಕಿ ನೋಡಿ. ಸಕ್ಕರೆ ಆಗಲೇ ಸೇರಿರುವುದರಿಂದ ಬೇರೆ ಸಿಹಿ ಬೇಡ. ನೆಲಗಡಲೆ ತಿಂದಾಗ ಮೈಯಲ್ಲಿ ದಡಿಕೆ ಏಳುವುದೋ, ತುಟಿ ಬಾತುಕೊಳ್ಳುವುದೋ ಕಂಡುಬಂದಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: ಮೊಮ್ಮಗನಿಗೆ ಒಂದೂ ಮುಕ್ಕಾಲು ವರ್ಷ. ಸಕ್ಕರೆಯ ಬದಲು ಬೆಲ್ಲ ಅಥವಾ ಜೇನು ಹಾಕಿ, ಮೇಲೊಂದು ಗೇರುಬೀಜ ಒತ್ತಿ ಬೇಯಿಸಬಹುದೇ?
– ಒಬ್ಬ ಅಜ್ಜ, ಮಂಜೇಶ್ವರ

ಉತ್ತರ: ಬೆಲ್ಲ ಹಾಕಿದ ಮಾತ್ರಕ್ಕೆ ತಿಂಡಿ ಆರೋಗ್ಯಕರವಾಗುತ್ತದೆಂಬುದನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ, ಜೇನು ಯಾವುದನ್ನೂ ಸೇರಿಸದಿರುವುದೇ ಲೇಸು. ಜೇನನ್ನಂತೂ ಒಂದು ವರ್ಷದೊಳಗಿನ ಕೂಸುಗಳಿಗೆ ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ. ಹಲಸಿನ ಕಾಲವಾದರೆ ಚೆನ್ನಾಗಿ ಕಳಿತ ತುಳುವನ (ಮೆತ್ತನೆಯ ಸೊಳೆಯ ಹಲಸಿನ) ಸೊಳೆಯನ್ನು ಹಿಚುಕಿ, ನಾರು ತೆಗೆದು, ಬಾಳೆಹಣ್ಣಿನ ಬದಲಿಗೆ ಬಳಸಿರಿ. ಇಡೀ ಗೇರುಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಇರುವುದರಿಂದ ನಾಲ್ಕೈದು ವರ್ಷವಾಗುವವರೆಗೆ ಬೇಡವೇ ಬೇಡ. ನುಣ್ಣಗೆ ಪುಡಿ ಮಾಡಿ ಹಿಟ್ಟಿಗೆ ಬೆರೆಸಬಹುದು. ಪುಡಿಯನ್ನು ಚಮಚದಿಂದ ಹಾಕುವ ಕೆಲಸ ಮೊಮ್ಮಗನಿಗಿರಲಿ.