ಬೋನಿಟ್ಟರೂ ಇಲಿ ಏಕೆ ಬೀಳುತ್ತಿಲ್ಲ?

ಇಲಿಗೆ ಹೊಸ ವಸ್ತು ಎಂದರೆ ಭಯ, ಅದಕ್ಕೇ ಬೀಳುತ್ತಿಲ್ಲ. ಓಡಾಡುವ ದಾರಿಯಲ್ಲಿ ನಿನ್ನೆ ಇಲ್ಲದ್ದು ಇಂದು ಕಂಡರೆ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ದಿನಕ್ಕೊಂದು ಕಡೆ ಬೋನಿಟ್ಟರೆ ಪ್ರತಿ ರಾತ್ರಿಯೂ ಅದು ಹೊಸದೇ. (ಚಿಟ್ಟಿಲಿಗೆ ಈ ಅಂಜಿಕೆ ಕಡಿಮೆ, ಮೊದಲ ರಾತ್ರಿಯೇ ಸಿಕ್ಕಿಬಿಡಬಹುದು.)

ಇಲಿ ಮೈಯನ್ನು ಗೋಡೆಗೆ ತಾಗಿಸಿಕೊಂಡೇ ಓಡುತ್ತದೆ. ಗೋಡೆಯ ಬುಡದಲ್ಲಿ ಕಪ್ಪು ಜಿಡ್ಡಿನ ಗೆರೆ, ಹಿಕ್ಕೆ ಕಂಡ ಕಡೆ ಬೋನನ್ನು ಗೋಡೆಗೆ ಒತ್ತಿ ಇಡಿ. ನಾಲ್ಕೈದು ದಿನ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಕೊಬ್ಬರಿ ಚೂರೋ ಹುರಿದ ಕಡಲೆಕಾಯಿಯೋ ಹಾಕಿ. ಸತತ ಎರಡು ರಾತ್ರಿ ತಿಂದು ಹೋದ ಮೇಲಷ್ಟೇ ಬೋನು ಹೂಡಿ. ಆಗ ಕೊಬ್ಬರಿಯನ್ನು ಕೊಂಡಿಗೆ ದಾರದಿಂದ ಬಿಗಿಯಿರಿ. ಸಡಿಲವಿದ್ದರೆ ಕೊಂಡಿ ಅಲುಗದಂತೆ ಎಗರಿಸಿಕೊಂಡು ಹೋಗುತ್ತದೆ. ಅಡುಗೆಮನೆಯಲ್ಲಿ ಬೇರೆ ಆಹಾರ ಸಿಗುತ್ತಿದ್ದರೆ ಇದ್ಯಾವುದೂ ಫಲಿಸದು. ರಾಗಿ, ಅಕ್ಕಿ ಡಬ್ಬಿಗೆ ಸೇರಲಿ, ಕಸದ ಬುಟ್ಟಿಗೆ ರಾತ್ರಿ ಮುಚ್ಚಳ ಬೀಳಲಿ.

ಹಿಡಿದರಷ್ಟೇ ಸಾಲದು. ಬೆಂಗಳೂರಿನಲ್ಲಿ ಮಳೆಗೆ ಮೋರಿ ತುಂಬಿದಾಗ ಇನ್ನೊಂದು ಬರುತ್ತದೆ. ಹೆಬ್ಬೆರಳು ತೂರುವಷ್ಟು ಸಂದಿಯೂ ಇಲಿಗೆ ದಾರಿಯೇ. ಪೈಪಿನ ಸುತ್ತಲಿನ ಸಂದಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟ್ ಮೆತ್ತಿ. ಬರೀ ಬಟ್ಟೆ, ಥರ್ಮೋಕೋಲ್ ತುರುಕಿದರೆ ಕಡಿದು ಹಾಕುತ್ತದೆ.

ಕೈತೋಟದಲ್ಲಿ ದೊಡ್ಡ ಬಿಲ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಇದ್ದರೆ ಅದು ಹೆಗ್ಗಣವಿರಬಹುದು. ಅದಕ್ಕೆ ದೊಡ್ಡ ಬೋನೇ ಬೇಕು. ಬೋನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಮೂತ್ರದಿಂದ ಇಲಿಜ್ವರ ಹರಡುತ್ತದೆ.