ಘಟನೆ ಇದೆ, ಪಾತ್ರ ಇದೆ, ಆದರೂ ಕಥೆ ಯಾಕೆ ಆಗಲಿಲ್ಲ?

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ: ಸಣ್ಣಕಥೆಗೆ ಏನೇನು ಬೇಕು? ಕೇಳಿದವರಲ್ಲಿ ಹೊಸದಾಗಿ ಬರೆಯುತ್ತಿರುವವರಿದ್ದಾರೆ. ಬರೆಯುವ ಯೋಚನೆ ಇಲ್ಲದೆ, ಇನ್ನಷ್ಟು ಚೆನ್ನಾಗಿ ಓದಬೇಕು ಅನ್ನುವವರೂ ಇದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಕೆಲವು ಕಥೆ ಬರೆದಿದ್ದೇನೆ. ಓದಿದವರೆಲ್ಲ 'ಚೆನ್ನಾಗಿದೆ, ಆದರೆ ಇದು ಘಟನೆ, ಕಥೆಯಲ್ಲ' ಅನ್ನುತ್ತಾರೆ. ಪಾತ್ರ, ಹಿನ್ನೆಲೆ, ಸಂಭಾಷಣೆ ಎಲ್ಲ ಇದೆ. ಹಾಗಾದರೆ ಏನು ಕಮ್ಮಿ?

ಉತ್ತರ: ಅವರು ಹೇಳುತ್ತಿರುವುದು ಬಹುಶಃ ಇಷ್ಟು. ಒಂದಾದ ಮೇಲೊಂದು ಸಂಗತಿ ನಡೆಯುತ್ತಿದೆ, ಆದರೆ ಒಂದರಿಂದ ಇನ್ನೊಂದು ಹುಟ್ಟುತ್ತಿಲ್ಲ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಈ ವ್ಯತ್ಯಾಸವನ್ನು ಪುಟ್ಟ ಉದಾಹರಣೆಯಲ್ಲಿ ತೋರಿಸಿದ್ದರು. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಅದು ಬರೀ ಘಟನೆಗಳ ಸಾಲು. ರಾಜ ಸತ್ತ ದುಃಖದಲ್ಲಿ ರಾಣಿಯೂ ಸತ್ತಳು ಅಂದ ಕೂಡಲೇ ಅಲ್ಲಿ ಕಥಾಹಂದರ ಬಂತು. ಸಾವುಗಳು ಅವೇ ಎರಡು. ಮಧ್ಯೆ ಒಂದು ಕಾರಣ ಸೇರಿದೆ.

ಆ ಕಾರಣ ಎಲ್ಲಿಂದ ಬರಬೇಕು? ಪಾತ್ರದ ಆಸೆಯಿಂದ ಅನ್ನುವುದು ನನ್ನ ಗಟ್ಟಿಯಾದ ನಂಬಿಕೆ. ಕಥೆಯೊಳಗೆ ಯಾರಿಗಾದರೂ ಏನಾದರೂ ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗಬಾರದು. ಕಥಾಹಂದರ, ಪಾತ್ರ, ಹಿನ್ನೆಲೆ, ಸಂಘರ್ಷ, ದೃಷ್ಟಿಕೋನ, ಆಶಯ, ಧಾಟಿ ಅಂತ ಪಠ್ಯಗಳಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಒಂದೊಂದನ್ನೂ ಬೇರೆ ಬೇರೆ ತಂದು ಜೋಡಿಸಲು ಹೋದರೆ ನಿಮಗೆ ಆಗಿರುವ ಹಾಗೆಯೇ ಆಗುತ್ತದೆ: ಎಲ್ಲ ಇರುತ್ತದೆ, ಕಥೆ ಮಾತ್ರ ಇರುವುದಿಲ್ಲ. ಯಾರಿಗೆ ಏನು ಬೇಕು ಅನ್ನುವುದು ನಿಮಗೆ ಸ್ಪಷ್ಟವಾದರೆ ಉಳಿದದ್ದಕ್ಕೆಲ್ಲ ಒಂದು ದಿಕ್ಕು ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಮಗಳು ಅಪ್ಪನ ಮನೆಗೆ ಬಂದಳು. ಅಪ್ಪ ಬಾಗಿಲು ತೆಗೆದರು. ಇಬ್ಬರೂ ಮನೆಯೆಲ್ಲ ಓಡಾಡಿದರು. ಸಂಜೆ ಮಗಳು ಹೊರಟಳು. ಇದು ಘಟನೆ. ಇದನ್ನು ಎಷ್ಟೇ ಅಂದವಾದ ವಾಕ್ಯಗಳಲ್ಲಿ ಬರೆದರೂ ಘಟನೆಯಾಗಿಯೇ ಉಳಿಯುತ್ತದೆ.

ಈಗ ಆಸೆ ಸೇರಿಸಿ. ಮಗಳಿಗೆ ಆ ಮನೆ ಮಾರಬೇಕಾಗಿದೆ. ಅಪ್ಪನ ಸಹಿ ಬೇಕು, ಕಾಗದ ಚೀಲದಲ್ಲಿದೆ. ಅಪ್ಪನಿಗೆ ಮಾರಲು ಇಷ್ಟವಿಲ್ಲ, ಆದರೆ ಬಾಯಿಬಿಟ್ಟು ಬೇಡ ಅನ್ನುವ ಸ್ವಭಾವದವರಲ್ಲ. ಆದ್ದರಿಂದ ಅವಳು ಕಾಗದ ತೆಗೆಯುವ ಹೊತ್ತಿಗೆ ಸರಿಯಾಗಿ 'ಮೇಲಿನ ಕಿಟಕಿ ಮುಚ್ಚೋಕೆ ಬರ್ತಿಲ್ಲ, ನೋಡು ಬಾ' ಅಂತ ಎದ್ದುಬಿಡುತ್ತಾರೆ. ಮನೆಯೆಲ್ಲ ಓಡಾಡುವುದು ಮೊದಲೂ ಇತ್ತು, ಈಗಲೂ ಇದೆ. ಈಗ ಅದರ ಹಿಂದೆ ಒಬ್ಬರ ಹಟ ಇದೆ, ಇನ್ನೊಬ್ಬರ ಅವಸರ ಇದೆ. ಸಂಘರ್ಷ ಅಂದರೆ ಇದೇ. ಜಗಳ ಆಗಬೇಕಿಲ್ಲ, ಯಾರೂ ದನಿ ಎತ್ತಬೇಕಿಲ್ಲ. ಮಗಳಿಗೇ ಒಳಗೊಳಗೆ ಮಾರುವುದು ಬೇಡ ಅನ್ನಿಸುತ್ತಿದ್ದರಂತೂ ಸಂಘರ್ಷ ಅವಳೊಳಗೂ ಶುರುವಾಯಿತು.

ನಿಮ್ಮ ಕಥೆಯನ್ನು ತೆಗೆದು ಒಂದು ಪರೀಕ್ಷೆ ಮಾಡಿ. ಪ್ರತಿ ಎರಡು ಸನ್ನಿವೇಶಗಳ ಮಧ್ಯೆ ಯಾವ ಪದ ಕೂರುತ್ತದೆ ನೋಡಿ. ಎಲ್ಲ ಕಡೆ 'ಆಮೇಲೆ' ಅಷ್ಟೇ ಹೊಂದುತ್ತಿದ್ದರೆ ತೊಂದರೆ ಅಲ್ಲೇ ಇದೆ. 'ಆದ್ದರಿಂದ', 'ಆದರೆ', 'ಅದಕ್ಕೇ' ಅನ್ನುವ ಪದಗಳು ಕೂರುವಂತಾದರೆ ಕಥೆ ನಡೆಯುತ್ತಿದೆ ಅಂತ ಅರ್ಥ.

ಪ್ರಶ್ನೆ: ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಅಂತ ಕ್ಲಾಸಿನಲ್ಲಿ ಕಲಿತೆವು. ಸಣ್ಣಕಥೆಯಲ್ಲಿ ಐದೂ ಇರಲೇಬೇಕಾ?

ಉತ್ತರ: ಬೇಕಿಲ್ಲ. ಈ ಐದು ಹಂತಗಳನ್ನು ಜರ್ಮನ್ ಲೇಖಕ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ವಿವರಿಸಿದ್ದು ನಾಟಕಗಳನ್ನು ಇಟ್ಟುಕೊಂಡು. ಅವರ ಕಣ್ಣ ಮುಂದಿದ್ದದ್ದು ಗ್ರೀಕ್ ದುರಂತ ನಾಟಕಗಳು, ಶೇಕ್ಸ್‌ಪಿಯರ್ ನಾಟಕಗಳು. ಸಣ್ಣಕಥೆ ಎಷ್ಟೋ ಸಲ ಏರಿಕೆಯ ನಡುವೆಯೇ ಶುರುವಾಗುತ್ತದೆ. ಪರಾಕಾಷ್ಠೆ ಮುಗಿದ ಎರಡೇ ವಾಕ್ಯಕ್ಕೆ ನಿಲ್ಲುವುದೂ ಉಂಟು. ಬರೆಯುವಾಗ ಈ ನಕ್ಷೆ ಇಟ್ಟುಕೊಂಡು ಕೂರಬೇಡಿ. ಮೊದಲ ಕರಡು ಮುಗಿದ ಮೇಲೆ, ಎಲ್ಲೋ ಜೋಲುತ್ತಿದೆ ಅನ್ನಿಸಿದರೆ ಆಗ ತೆಗೆದು ನೋಡಿ. ಹೆಚ್ಚಿನ ಕರಡುಗಳಲ್ಲಿ ಆರಂಭ ತುಂಬಾ ಉದ್ದ ಇರುತ್ತದೆ. ಮೊದಲ ಪುಟ ಪೂರ್ತಿ ಹೊಡೆದುಹಾಕಿ ಎರಡನೇ ಪುಟದಿಂದ ಓದಿ ನೋಡಿ. ಏನೂ ಕಳೆದುಹೋಗಿಲ್ಲ ಅನ್ನಿಸಿದರೆ ಕಥೆ ನಿಜವಾಗಿ ಶುರುವಾಗುವುದು ಅಲ್ಲಿಂದಲೇ.

ಪ್ರಶ್ನೆ: ಕಥೆಯನ್ನು 'ನಾನು' ಅಂತ ಬರೆಯುವುದು ಒಳ್ಳೆಯದೋ, 'ಅವನು, ಅವಳು' ಅಂತ ಬರೆಯುವುದೋ? ಯಾವುದು ಸುಲಭ?

ಉತ್ತರ: ಬಂದಿರುವುದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ದೃಷ್ಟಿಕೋನ ಅನ್ನುವುದು ಬರೀ ವ್ಯಾಕರಣದ ವಿಷಯ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಓದುಗರಿಗೆ ಯಾವ ಸಂಗತಿ ಯಾವಾಗ ಗೊತ್ತಾಗಬೇಕು ಅನ್ನುವುದನ್ನು ತೀರ್ಮಾನಿಸುವುದೇ ಅದು. ಮೇಲಿನ ಸನ್ನಿವೇಶವನ್ನೇ ಮೂರು ರೀತಿ ಬರೆದು ತೋರಿಸುತ್ತೇನೆ.

ಮಗಳೇ ಹೇಳಿದರೆ: 'ಚೀಲದಿಂದ ಫೈಲು ತೆಗೆಯುತ್ತಿದ್ದಂತೆ ಅಪ್ಪ ಎದ್ದರು. ಮೇಲಿನ ಕಿಟಕಿ ನೋಡು ಬಾ ಅಂದರು. ಪೆನ್ನಿನ ಮುಚ್ಚಳ ತೆಗೆದಿದ್ದೆ. ಮತ್ತೆ ಹಾಕಿದೆ.'

ಅಪ್ಪನ ಪಕ್ಕ ನಿಂತು ಹೇಳಿದರೆ: 'ಮಗಳ ಕೈ ಚೀಲದೊಳಗೆ ಹೋಯಿತು. ಆ ನೀಲಿ ಫೈಲು ಅವರಿಗೆ ಬಾಗಿಲಲ್ಲೇ ಕಂಡಿತ್ತು. ಮೇಲಿನ ಕಿಟಕಿ ಅಂದುಬಿಟ್ಟರು. ಅದು ಹೋದ ವರ್ಷವೇ ರಿಪೇರಿಯಾಗಿತ್ತು.'

ಹೊರಗೆ ನಿಂತು ಹೇಳಿದರೆ: 'ಮಗಳು ಫೈಲು ತೆಗೆದಳು. ಅಪ್ಪ ಎದ್ದು ಮೆಟ್ಟಿಲ ಕಡೆ ನಡೆದರು. ಅವಳು ಫೈಲನ್ನು ಮೇಜಿನ ಮೇಲಿಟ್ಟು ಹಿಂದೆ ಹೋದಳು.'

ಕಿಟಕಿ ಸರಿಯಾಗಿಯೇ ಇದೆ ಅನ್ನುವ ಸಂಗತಿಗೆ ಏನಾಯಿತು ನೋಡಿ. ಮೊದಲನೆಯದರಲ್ಲಿ ಅದು ಮಗಳಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೇಲೆ ಹೋಗಿ ಅವಳು ಕಿಟಕಿ ಎಳೆದಾಗ ಅದು ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಅಪ್ಪ ಯಾಕೆ ಕರೆತಂದರು ಅಂತ ಅವಳಿಗೆ ಹೊಳೆಯುವ ಆ ಕ್ಷಣವೇ ಕಥೆಯ ಪರಾಕಾಷ್ಠೆ ಆಗಬಹುದು. ಎರಡನೆಯದರಲ್ಲಿ ಸುಳ್ಳು ನಮಗೆ ಮೊದಲೇ ಗೊತ್ತು. ನಾವು ಅಪ್ಪನ ಜೊತೆ ಸೇರಿಕೊಂಡು, ಸಿಕ್ಕಿಬೀಳುತ್ತಾರೇನೋ ಅಂತ ಮೆಟ್ಟಿಲು ಹತ್ತುತ್ತೇವೆ. ಮೂರನೆಯದು ಯಾರ ಮನಸ್ಸನ್ನೂ ತೆರೆಯುವುದಿಲ್ಲ, ಎಲ್ಲವನ್ನೂ ಓದುಗರೇ ಊಹಿಸಬೇಕು. ನಡೆದದ್ದು ಒಂದೇ, ಆದರೆ ಮೂರೂ ಬೇರೆ ಬೇರೆ ಕಥೆಗಳು. ಹಾಗಾಗಿ ಯಾವುದು ಸುಲಭ ಅಂತ ಕೇಳಿಕೊಳ್ಳುವ ಬದಲು, ಈ ಸಂಗತಿಯನ್ನು ಓದುಗರಿಂದ ಎಲ್ಲಿಯವರೆಗೆ ಮುಚ್ಚಿಡಬೇಕು ಅಂತ ಕೇಳಿಕೊಳ್ಳಿ.

ಹೊಸಬರ ಕೈಯಲ್ಲಿ 'ನಾನು' ಸಲೀಸಾಗಿ ಓಡುತ್ತದೆ, ನಿಜ. ಆದರೆ ಆ 'ನಾನು' ಬೇಡದ್ದನ್ನೆಲ್ಲ ವಿವರಿಸುತ್ತಾ ಹೋಗುವ ಅಪಾಯವೂ ಇದೆ. 'ನಾನು' ಹೇಳುವುದೆಲ್ಲ ನಿಜವಾಗಿರಬೇಕು ಅಂತಲೂ ಇಲ್ಲ. ತನಗೇ ಗೊತ್ತಿಲ್ಲದೆ ತಪ್ಪು ಹೇಳುವ, ಬೇಕೆಂದೇ ಮರೆಮಾಚುವ ನಿರೂಪಕರೂ ಇರುತ್ತಾರೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಇಂಥವರಿಗೆ 'ನಂಬಲಾಗದ ನಿರೂಪಕ' ಅನ್ನುವ ಹೆಸರು ಕೊಟ್ಟರು. ಈ ತಂತ್ರ ಓದಲು ತುಂಬಾ ಚೆನ್ನ. ಆದರೆ ಬರೆಯಲು ಕಷ್ಟ, ಯಾಕೆಂದರೆ ನಿರೂಪಕನಿಗೆ ಕಾಣದ ಸತ್ಯ ಓದುಗರಿಗೆ ಅವನ ಮಾತಿನ ಸಂದಿಯಲ್ಲೇ ಕಾಣಿಸಬೇಕು.

ಒಮ್ಮೆ ಆರಿಸಿಕೊಂಡ ಮೇಲೆ ಸುಮ್ನೆ ಜಾರಬೇಡಿ. ಮಗಳ ಮನಸ್ಸಿನೊಳಗೆ ಕೂತು ಬರೆಯುತ್ತಾ ಒಂದು ವಾಕ್ಯ ಮಾತ್ರ ಅಪ್ಪನ ಮನಸ್ಸಿಗೆ ಹಾರಿದರೆ ಓದುಗರಿಗೆ ಎಲ್ಲೋ ಎಡವಿದಂತೆ ಆಗುತ್ತದೆ, ಕಾರಣ ಹೇಳಲು ಅವರಿಗೆ ಗೊತ್ತಾಗದಿದ್ದರೂ. ಎಲ್ಲರ ಮನಸ್ಸನ್ನೂ ಬಲ್ಲ ಸರ್ವಜ್ಞ ನಿರೂಪಕ ಬೇಕು ಅಂತಿದ್ದರೆ ಮೊದಲ ಪುಟದಲ್ಲೇ ಅದು ಗೊತ್ತಾಗಲಿ.

ಪ್ರಶ್ನೆ: ಪಾತ್ರದ ರೂಪ, ಬಟ್ಟೆ, ಮನೆ, ಸುತ್ತಲ ಪರಿಸರ ಇದನ್ನೆಲ್ಲ ಎಷ್ಟು ವರ್ಣಿಸಬೇಕು?

ಉತ್ತರ: ಕಥೆಗೆ ಕೆಲಸಕ್ಕೆ ಬರುವಷ್ಟು. ರಷ್ಯಾದ ಕಥೆಗಾರ, ನಾಟಕಕಾರ ಚೆಕಾವ್ 1889ರ ಒಂದು ಪತ್ರದಲ್ಲಿ, ಯಾರೂ ಗುಂಡು ಹಾರಿಸುವುದಿಲ್ಲ ಎಂದಾದರೆ ತುಂಬಿದ ಬಂದೂಕನ್ನು ರಂಗದ ಮೇಲೆ ಇಡಬಾರದು ಅನ್ನುವ ಅರ್ಥದ ಮಾತು ಬರೆದಿದ್ದರು. ಅದು ನಾಟಕಕ್ಕೆ ಹೇಳಿದ್ದಾದರೂ ಸಣ್ಣಕಥೆಗೆ ಇನ್ನೂ ಜಾಸ್ತಿ ಹೊಂದುತ್ತದೆ. ನಮ್ಮ ಉದಾಹರಣೆಯಲ್ಲಿ ಕಿಟಕಿ ಬೇಕು, ಫೈಲು ಬೇಕು. ಪರದೆಯ ಬಣ್ಣ ಬೇಕಾ? ಅದರಿಂದ ಆ ಇಬ್ಬರ ಬಗ್ಗೆ ಏನಾದರೂ ಗೊತ್ತಾಗುವುದಾದರೆ ಬೇಕು, ಇಲ್ಲದಿದ್ದರೆ ಬೇಡ. ಹಾಗಂತ ಪ್ರತಿ ವಸ್ತುವೂ ಕೊನೆಗೆ ಸ್ಫೋಟಿಸಲೇಬೇಕು ಅಂತಲ್ಲ. ಕೆಲವು ವಿವರಗಳ ಕೆಲಸ ಆ ಜಾಗ ನಿಜ ಅಂತ ನಂಬಿಸುವುದು ಮಾತ್ರ. ಅಂಥವು ಒಂದೆರಡು ಸಾಕು.

ಪಾತ್ರದ ವಿಷಯಕ್ಕೆ ಬಂದರೆ, ಎತ್ತರ, ಬಣ್ಣ, ಮೂಗಿನ ಆಕಾರ ಓದುಗರಿಗೆ ನೆನಪಿರುವುದಿಲ್ಲ. ಪೆನ್ನಿನ ಮುಚ್ಚಳ ಮತ್ತೆ ಹಾಕಿದ್ದು ನೆನಪಿರುತ್ತದೆ. ಒಬ್ಬರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಅನ್ನುವುದರಲ್ಲಿ ಅವರು ಕಾಣುತ್ತಾರೆ. ಸಂಭಾಷಣೆಗೂ ಇದೇ ಮಾತು. ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿಬಿಡುವ ಪಾತ್ರಗಳು ಬೇಗ ಸಪ್ಪೆಯಾಗುತ್ತವೆ. ಅಪ್ಪ 'ಮನೆ ಮಾರಬೇಡ' ಅನ್ನದೆ ಕಿಟಕಿಯ ಮಾತೆತ್ತಿದ್ದರಿಂದಲೇ ಅವರು ನಮಗೆ ಹತ್ತಿರವಾದರು, ಅಲ್ವಾ?

ಪ್ರಶ್ನೆ: ಕಥೆಯಿಂದ ಸಮಾಜಕ್ಕೆ ಒಂದು ಸಂದೇಶ ಹೋಗಬೇಕಲ್ಲವೇ? ಅದನ್ನು ಎಲ್ಲಿ ಹೇಳಬೇಕು?

ಉತ್ತರ: ಎಲ್ಲೂ ಹೇಳಬೇಡಿ. ನಿಮಗೆ ಹೇಳುವುದು ಇರಬಾರದು ಅಂತಲ್ಲ, ಖಂಡಿತ ಇರಬೇಕು. ಆದರೆ ಆಶಯ ಅನ್ನುವುದು ಸಂದೇಶಕ್ಕಿಂತ ದೊಡ್ಡದು. 'ಹಿರಿಯರನ್ನು ಗೌರವಿಸಿ' ಅನ್ನುವುದು ಸಂದೇಶ. ಅದಕ್ಕೆ ಕಥೆ ಬೇಕಿಲ್ಲ, ಒಂದು ಸಾಲು ಸಾಕು. ಮನೆ ಮಾರಲೇಬೇಕಾದ ಮಗಳು, ಬಿಡಲಾಗದ ಅಪ್ಪ ಇಬ್ಬರೂ ಸರಿಯಾಗಿದ್ದಾಗ ಏನಾಗುತ್ತದೆ ಅನ್ನುವುದು ಆಶಯ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಮಗಳನ್ನು ಕೆಟ್ಟವಳನ್ನಾಗಿ ಮಾಡಿದರೆ ಸಂದೇಶ ಜೋರಾಗಿ ಕೇಳಿಸುತ್ತದೆ, ಕಥೆ ಸೊರಗುತ್ತದೆ. ಕೊನೆಯ ಪ್ಯಾರಾದಲ್ಲಿ ನೀತಿ ಬರೆದಿದ್ದರೆ ಅದನ್ನು ತೆಗೆದು ಒಬ್ಬರಿಗೆ ಓದಲು ಕೊಡಿ. ಅವರಿಗೆ ಅದೇ ಅರ್ಥ ಹೊಳೆದರೆ ಆ ಪ್ಯಾರಾ ಬೇಕಿರಲಿಲ್ಲ. ಹೊಳೆಯದಿದ್ದರೆ ತಿದ್ದಬೇಕಾದದ್ದು ಮಧ್ಯದಲ್ಲೆಲ್ಲೋ ಇದೆ.

ಪ್ರಶ್ನೆ: ಸಣ್ಣಕಥೆ ಎಂದರೆ ಎಷ್ಟು ಪದ?

ಉತ್ತರ: ಎಲ್ಲರೂ ಒಪ್ಪಿದ ಲೆಕ್ಕ ಇಲ್ಲ. ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯ ನಿಯಮದಲ್ಲಿ 7,500 ಪದಕ್ಕಿಂತ ಕಮ್ಮಿ ಇದ್ದರೆ ಸಣ್ಣಕಥೆ, 40,000 ಮುಟ್ಟಿದರೆ ಕಾದಂಬರಿ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನಷ್ಟು ಪದ ಬೇಕಾಗುವುದಿಲ್ಲ, ಹಾಗಾಗಿ ಆ ಅಂಕಿಗಳನ್ನು ಹಾಗೇ ತಂದು ಬಳಸಬೇಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ ಒಂದು ಕಥಾಸಂಕಲನದ ವಿಮರ್ಶೆಯಲ್ಲಿ ಹೇಳಿದ ಮಾತು. ಕಥೆ ಒಂದೇ ಸಲಕ್ಕೆ ಕೂತು ಓದಿ ಮುಗಿಸುವಂತಿರಬೇಕು, ಅರ್ಧ ಗಂಟೆಯಿಂದ ಹೆಚ್ಚೆಂದರೆ ಎರಡು ಗಂಟೆ. ಮೊದಲ ವಾಕ್ಯದಿಂದಲೇ ಪ್ರತಿಯೊಂದು ಪದವೂ ಒಂದೇ ಪರಿಣಾಮದ ಕಡೆ ಹೋಗಬೇಕು. ಕಾದಂಬರಿಯಲ್ಲಿ ಅಪ್ಪನ ಯೌವನ, ಮಗಳ ಕಾಲೇಜು, ಮನೆ ಕಟ್ಟಿದ ವರ್ಷ ಎಲ್ಲಕ್ಕೂ ಜಾಗ ಇದೆ. ಸಣ್ಣಕಥೆಯಲ್ಲಿ ಆ ಒಂದು ಮಧ್ಯಾಹ್ನಕ್ಕೆ ಮಾತ್ರ ಜಾಗ.

ಪ್ರಶ್ನೆ: ನಾನು ಬರೆಯುವುದಿಲ್ಲ, ಓದುತ್ತೇನೆ ಅಷ್ಟೇ. ಈ ಅಂಶಗಳನ್ನು ಗುರುತಿಸುತ್ತಾ ಓದಿದರೆ ಓದಿನ ಖುಷಿ ಹೋಗುವುದಿಲ್ಲವೇ?

ಉತ್ತರ: ಮೊದಲ ಓದಿನಲ್ಲಿ ಏನನ್ನೂ ಗುರುತಿಸಬೇಡಿ, ಕಥೆಗೆ ನಿಮ್ಮನ್ನು ಬಿಟ್ಟುಕೊಡಿ. ತುಂಬಾ ಹಿಡಿಸಿದ ಕಥೆಯನ್ನು ಮಾತ್ರ ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ಮುಖ್ಯ ಪಾತ್ರಕ್ಕೆ ಏನು ಬೇಕು ಅಂತ ನಿಮಗೆ ಮೊದಲು ಗೊತ್ತಾದ ವಾಕ್ಯದ ಪಕ್ಕ ಒಂದು ಗುರುತು ಹಾಕಿ. ಆ ಆಸೆಗೆ ಅಡ್ಡ ಬಂದ ಜಾಗಕ್ಕೆ ಇನ್ನೊಂದು. ಲೇಖಕರು ಬೇಕೆಂದೇ ಹೇಳದೆ ಬಿಟ್ಟಿದ್ದಾರೆ ಅನ್ನಿಸುವಲ್ಲಿ ಮತ್ತೊಂದು. ಮೂರನೇ ತರಹದ ಗುರುತುಗಳು ಎಲ್ಲಿ ಜಾಸ್ತಿ ಸೇರಿವೆ ನೋಡಿ, ಆ ಭಾಗವನ್ನು ಮತ್ತೆ ನಿಧಾನವಾಗಿ ಓದಿ. ಇನ್ನೂ ಆಸಕ್ತಿ ಇದ್ದರೆ ಒಂದು ಪ್ಯಾರಾವನ್ನು ಬೇರೆ ಪಾತ್ರದ ಕಡೆಯಿಂದ ಬರೆದು ನೋಡಿ. ಯಾರಿಗೂ ತೋರಿಸಬೇಕಿಲ್ಲ. ಮೂಲ ಲೇಖಕರು ಆ ನಿರೂಪಕನನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ಹಾಗೆ ಬರೆಯುವಾಗ ಗೊತ್ತಾದಷ್ಟು ಚೆನ್ನಾಗಿ ಬೇರೆ ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ.