ಎದುರಿನ ಹಡಗಿನಲ್ಲೂ ಒಬ್ಬ ಪಾತ್ರಧಾರಿ

ಸಿಂಧನೂರಿನ ಓದುಗ ಮಿತ್ರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಬಾಹ್ಯಾಕಾಶದ ಆನ್‌ಲೈನ್ ಆಟವೊಂದರಲ್ಲಿ ಪೈರೇಟ್. ನಿಮ್ಮದು ಎಲ್ಲರೂ ಪಾತ್ರ ಕಟ್ಟಿಕೊಂಡು ಆಡುವ ಸರ್ವರ್. ಒಬ್ಬ ವ್ಯಾಪಾರಿ, ಒಬ್ಬ ಪೊಲೀಸ್, ಒಬ್ಬ ಗಣಿಯವನು, ನೀವು ದರೋಡೆಕೋರ. ಹೋದ ತಿಂಗಳು ಅದಿರು ತುಂಬಿದ ಹಡಗೊಂದನ್ನು ಅಡ್ಡಗಟ್ಟಿ ‘ನಿಲ್ಲು, 20 ಲಕ್ಷ ಇಡು’ (ಆಟದೊಳಗಿನ ದುಡ್ಡು) ಎಂದು ಟೈಪ್ ಮಾಡಿದಿರಿ. ಹತ್ತು ಸೆಕೆಂಡು ಕಾದಿರಿ. ಉತ್ತರ ಬರಲಿಲ್ಲ, ಹೊಡೆದಿರಿ. ಆ ಹಡಗಿನವರು ನಮ್ಮ ಕೊಪ್ಪಳದವರೇ ಎಂದು ಆಮೇಲೆ ಗೊತ್ತಾಯಿತು. ಅವರು ಬೇಸರಪಟ್ಟು ಆಟವನ್ನೇ ಬಿಟ್ಟರು. ‘ಕಳ್ಳನ ಪಾತ್ರ ಅಂದಮೇಲೆ ಕದಿಯಬೇಕಲ್ವಾ? ನಾನು ಯಾವ ನಿಯಮ ಮುರಿದೆ?’ ಎಂದು ಕೇಳಿದ್ದೀರಿ.

ಕದಿಯಬೇಕು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕಳ್ಳರ ಭಯವಿಲ್ಲದ ದಾರಿಯಲ್ಲಿ ಅದಿರು ಸಾಗಿಸುವುದು ಬೇಜಾರಿನ ಕೆಲಸ. 1984ರ ‘ಎಲೀಟ್’ ಆಟದಲ್ಲೇ ಸರಕು ತುಂಬಿ ಹೊರಟವರ ಬೆನ್ನಿಗೆ ಕಳ್ಳರು ಬೀಳುತ್ತಿದ್ದರು. ಆದರೆ ಅವರು ಕಂಪ್ಯೂಟರೇ ನಡೆಸುತ್ತಿದ್ದ ಕಳ್ಳರು, ಅವರಿಂದ ಯಾರೂ ಮಾತು ಬಯಸುತ್ತಿರಲಿಲ್ಲ. ನಿಮ್ಮ ಆಟದಲ್ಲಿ ಕಳ್ಳನೂ ಮನುಷ್ಯ, ಸಿಕ್ಕಿಬಿದ್ದವನೂ ಮನುಷ್ಯ.

ನಮ್ಮ ಬಳ್ಳಾರಿ ಕಡೆಯ ಬಯಲಾಟ ನೋಡಿರುತ್ತೀರಿ. ಎಂಥ ರಾಕ್ಷಸ ಪಾತ್ರವಾದರೂ ರಂಗಕ್ಕೆ ಬಂದ ಕೂಡಲೇ ಗದೆ ಬೀಸುವುದಿಲ್ಲ. ತಾವು ಯಾರು, ಬಂದ ಕಾರಣ ಏನು ಎಂದು ಸಾರಥಿ ಕೇಳುತ್ತಾನೆ. ‘ಭಳಿರೇ ಸಾರಥಿ’ ಎಂದು ಅವನು ತನ್ನ ಹೆಸರು, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತಾನೆ. ಎದುರಾಳಿ ಬಂದಮೇಲೂ ಮೊದಲು ಮಾತಿಗೆ ಮಾತು, ಪದ, ಕುಣಿತ. ಯುದ್ಧ ಆಮೇಲೆ.

ನಾನು ಚಿಕ್ಕವನಿದ್ದಾಗ ಕಂಡದ್ದೊಂದು ಇಂದಿಗೂ ಕಣ್ಣಿಗೆ ಕಟ್ಟಿದೆ. ಭೀಮನ ಪಾತ್ರ ಹಾಕಿದ್ದ ಹೊಸ ಹುಡುಗ ನಡುವೆ ಮಾತು ಮರೆತ. ಕೈಯಲ್ಲಿ ಗದೆ, ಬಾಯಲ್ಲಿ ಮಾತಿಲ್ಲ, ಹಣೆಯ ಬಣ್ಣವೆಲ್ಲ ಬೆವರಲ್ಲಿ ಇಳಿಯುತ್ತಿತ್ತು. ದುಶ್ಶಾಸನ ಮಾಡುತ್ತಿದ್ದವರು ವಯಸ್ಸಾದವರು, ನುರಿತವರು. ‘ಯಾಕೋ ಭೀಮಾ, ನನ್ನ ಕಂಡು ಬಾಯಿ ಕಟ್ಟಿತೇ?’ ಎಂದು ಮೀಸೆ ತಿರುವಿ, ಒಂದು ಸುತ್ತು ಹೆಚ್ಚಿಗೆ ಕುಣಿದರು. ಹಿಮ್ಮೇಳದವರು ಅರ್ಥ ಮಾಡಿಕೊಂಡು ತಾಳ ಎಳೆದರು. ಅಷ್ಟರಲ್ಲಿ ಹುಡುಗನಿಗೆ ಮಾತು ನೆನಪಾಯಿತು, ಆಟ ಮುಂದೆ ಹೋಯಿತು. ದುಶ್ಶಾಸನ ಕೆಟ್ಟವನಾಗಿಯೇ ಉಳಿದ. ಭೀಮನೂ ಉಳಿದ.

ನೀವು ಕಾದ ಹತ್ತು ಸೆಕೆಂಡಿನಲ್ಲಿ ಆ ಕೊಪ್ಪಳದವರು ಏನು ಮಾಡುತ್ತಿದ್ದಿರಬಹುದು ನೋಡಿ. ಒಂದು ಕೈ ಮೌಸ್ ಮೇಲೆ, ಇನ್ನೊಂದು ಕೈ ಹಡಗು ನಡೆಸುವ ಕೀಗಳ ಮೇಲೆ. ಚಾಟ್ ಓದಬೇಕು. ಕೊಡುವುದೋ, ಓಡುವುದೋ, ಗೋಗರೆಯುವುದೋ ಯೋಚಿಸಬೇಕು. ಆಮೇಲೆ ಟೈಪ್ ಮಾಡಬೇಕು. ಅದಕ್ಕೆ ಪೂರ್ತಿ ಒಂದು ನಿಮಿಷ ಕೊಡಿ. ‘ಅಣ್ಣಾ, ಮೊದಲ ಟ್ರಿಪ್ಪು, ಬಿಟ್ಟುಬಿಡಿ’ ಎಂದು ಅವರು ಬರೆದರೆ ನಿಮಗೆ ಅಭಿನಯಕ್ಕೆ ಎಷ್ಟು ಜಾಗ ಸಿಕ್ಕಿತು! ಬೈಯಬಹುದು, ಚೌಕಾಸಿ ಮಾಡಬಹುದು, ಹೆದರಿಸಬಹುದು. ಸುಮ್ನೆ ‘ನಿಲ್ಲು’ ಅಂದು ಗುಂಡು ಹಾರಿಸಿದರೆ ನಿಮ್ಮ ಪಾತ್ರವೂ ಅಲ್ಲಿಗೇ ಮುಗಿಯಿತು.

ಎರಡನೆಯದು, ಕೇಳುವ ಮೊತ್ತ. ನಾನೂ ಕೆಲವು ವರ್ಷ ಇಂಥ ಆಟದಲ್ಲಿ ಸರಕು ಸಾಗಿಸಿದವನು. ಒಂದು ಸಲ ಸುಮಾರು 40 ಲಕ್ಷದ ಸರಕಿನೊಂದಿಗೆ ಸಿಕ್ಕಿಬಿದ್ದೆ. ‘ಒಳಗೆ ಏನಿದೆ ನನಗೆ ಕಾಣಿಸುತ್ತಿದೆ. 6 ಲಕ್ಷ ಸುಂಕ ಕಟ್ಟಿ ಹೋಗಿ, ಇವತ್ತು ಈ ದಾರಿಯಲ್ಲಿ ಇನ್ಯಾರೂ ನಿಮ್ಮನ್ನು ಮುಟ್ಟುವುದಿಲ್ಲ’ ಎಂದ ಆ ಕಳ್ಳ. ಕಟ್ಟಿದೆ, ಹಾಗೇ ಆಯಿತು. ಅವನು ಕೊಟ್ಟ ಮಾತು ಇನ್ನೂ ನೆನಪಿದೆ. ಇನ್ನೊಬ್ಬ 80 ಲಕ್ಷ ಕೇಳಿದ. ಹಡಗು, ಸರಕು ಎರಡೂ ಸೇರಿ ಅಷ್ಟು ಬಾಳುತ್ತಿರಲಿಲ್ಲ! ಹೊಡೆಯಲಿ ಬಿಡು ಅಂದುಕೊಂಡೆ. ಅವನಿಗೆ ದುಡ್ಡು ಬೇಕಿರಲಿಲ್ಲ, ಕೊಲ್ಲಲು ಒಂದು ನೆಪ ಬೇಕಿತ್ತು. ಕಳೆದುಕೊಳ್ಳುವುದಕ್ಕಿಂತ ಕೊಡುವುದು ಅಗ್ಗ ಅನ್ನಿಸಬೇಕು, ಆಗ ಮಾತ್ರ ಅದು ದರೋಡೆ.

ಕೊಟ್ಟಮೇಲೆ ಬಿಡಲೇಬೇಕು. ಇದರಲ್ಲಿ ರಾಜಿ ಇಲ್ಲ. ಐಸ್‌ಲ್ಯಾಂಡಿನ ಕಂಪನಿಯೊಂದು 2003ರಲ್ಲಿ ತಂದ ‘ಈವ್ ಆನ್‌ಲೈನ್’ ನೋಡಿ. ಅಲ್ಲಿ ಪ್ರತಿ ನಕ್ಷತ್ರ ಮಂಡಲಕ್ಕೂ ಭದ್ರತೆಯ ಅಂಕ ಇದೆ. 0.5 ಮತ್ತು ಅದಕ್ಕಿಂತ ಮೇಲಿದ್ದ ಕಡೆ ವಿನಾಕಾರಣ ಹೊಡೆದರೆ ‘ಕಾಂಕಾರ್ಡ್’ ಎಂಬ ಪೊಲೀಸ್ ಪಡೆ ಬಂದು ಹೊಡೆದವನ ಹಡಗನ್ನು ಪುಡಿ ಮಾಡುತ್ತದೆ. ಆದರೆ ಅದು ಶಿಕ್ಷೆ ಕೊಡಲು ಬರುತ್ತದೆ, ಕಾಪಾಡಲು ಅಲ್ಲ. ಅಷ್ಟರಲ್ಲಿ ಸರಕಿನ ಹಡಗು ಹೋಗಿಯೇ ಬಿಟ್ಟಿರಬಹುದು. 0.4ಕ್ಕೆ ಇಳಿದರೆ ಆ ಪಡೆಯೂ ಬರುವುದಿಲ್ಲ. ಅಲ್ಲಿ ಹಣ ಕೇಳಿ ಬಿಡುವ ಪದ್ಧತಿ ನಡೆಯುವುದು ಕಳ್ಳನ ಮಾತಿನ ಮೇಲೆ. ಹಣ ತೆಗೆದುಕೊಂಡೂ ಹೊಡೆಯುವವರು ಇದ್ದಾರೆ. ಅಂಥವರ ಹೆಸರು ಹರಡಿದರೆ ಮುಂದೆ ಸಿಕ್ಕವನು ಬಿಡಿಗಾಸೂ ಬಿಚ್ಚುವುದಿಲ್ಲ, ಆಗ ಒಳ್ಳೆಯ ಕಳ್ಳರ ಹೊಟ್ಟೆಗೂ ಕಲ್ಲು ಬೀಳುತ್ತದೆ. ಹಡಗು ಒಡೆದಮೇಲೆ ಪೈಲಟ್ ತಪ್ಪಿಸಿಕೊಳ್ಳುವ ಪುಟ್ಟ ‘ಪಾಡ್’ ಇರುತ್ತದಲ್ಲ, ಅದನ್ನೂ ಬೆನ್ನಟ್ಟಿ ಹೊಡೆಯಬೇಡಿ. ಅದರಲ್ಲಿ ಕದಿಯಲು ಸರಕು ಇರುವುದಿಲ್ಲ.

ಹಡಗು ಒಡೆಯದೆಯೂ ದೋಚಬಹುದು. 2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ ಆಟದಲ್ಲಿ ಲಿಂಪೆಟ್ ಎಂಬ ಚಿಕ್ಕ ಡ್ರೋನುಗಳಿವೆ. ಅವುಗಳಲ್ಲಿ ಒಂದು ಬಗೆಯದು ಎದುರಿನ ಹಡಗಿನ ಸರಕಿನ ಬಾಗಿಲಿಗೆ ಅಂಟಿಕೊಂಡು ಅದನ್ನು ತೆರೆಯುತ್ತದೆ, ಸರಕು ಹೊರಗೆ ಚೆಲ್ಲುತ್ತದೆ. ನಿಮ್ಮ ಆಟದಲ್ಲಿ ಇಂಥದ್ದು ಇದ್ದರೆ ಅದನ್ನೇ ಬಳಸಿ. ಇನ್ನು ಅದೇ ಆಟದಲ್ಲಿ ಒಬ್ಬರೇ ಆಡಲು ಬೇರೆ ವ್ಯವಸ್ಥೆಯೂ ಇದೆ. ಎಲ್ಲರ ನಡುವೆ ಬಂದವನು ಹೊಡೆಸಿಕೊಳ್ಳಲು ಒಪ್ಪಿದ ಹಾಗೇ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಕಳ್ಳರ ಕೈಗೆ ಸಿಗಲು ಒಪ್ಪಿದ್ದಾನೆ, ನಿಜ. ಮಾತಿಲ್ಲದೆ ಸಾಯಲು ಒಪ್ಪಿಲ್ಲ.

ಒಬ್ಬನನ್ನೇ ಒಂದೇ ಸಂಜೆ ಎರಡನೆಯ ಸಲ ಹಿಡಿಯಬೇಡಿ. ಹೊಸಬರು ಹೊರಡುವ ನಿಲ್ದಾಣದ ಬಾಗಿಲಲ್ಲಿ ಹೊಂಚು ಹಾಕಬೇಡಿ.

ಸಿಕ್ಕಿಬಿದ್ದವರಿಗೂ ಒಂದು ಮಾತು, ನಮ್ಮ ಓದುಗರಲ್ಲಿ ಅವರೂ ಇದ್ದಾರೆ. ಕಳ್ಳ ಎದುರಾದ ಕೂಡಲೇ ಇಂಟರ್ನೆಟ್ ವೈರ್ ಕಿತ್ತು ಮಾಯವಾಗುವುದು ಮೋಸ. ನಿಜವಾಗಿ ಕರೆಂಟ್ ಹೋದರೆ, ವಾಪಸ್ ಬಂದಮೇಲೆ ಒಂದು ಸಾಲು ಬರೆದು ತಿಳಿಸಿ. ಕಳ್ಳನ ಪಾತ್ರವನ್ನು ಎಷ್ಟಾದರೂ ಬೈಯಿರಿ, ಆಡುತ್ತಿರುವವರ ಮನೆತನದ ತಂಟೆಗೆ ಹೋಗಬೇಡಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ನೀವು ಸರ್ವರಿನ ನಿಯಮ ಮುರಿದಿಲ್ಲ, ಜೊತೆ ಪಾತ್ರಧಾರಿಯ ಕೈಬಿಟ್ಟಿದ್ದೀರಿ. ಅದು ಸರಿಯಾಗಬಹುದು. ಆ ಕೊಪ್ಪಳದವರಿಗೆ ನಿಮ್ಮ ಹೆಸರಿನಲ್ಲೇ ಬರೆದು ಮೊದಲು ಕ್ಷಮೆ ಕೇಳಿ. ಅವರು ವಾಪಸ್ ಬಂದರೆ, ಆಟದೊಳಗೆ ಕಳ್ಳನಾಗಿಯೇ ಎದುರು ಹೋಗಿ ಆ ದಾರಿಗೊಂದು ಸುಂಕ ಮಾತಾಡಿಕೊಳ್ಳಿ. ಚೌಕಾಸಿ ಅವರೇ ಶುರು ಮಾಡಲಿ, ಎಷ್ಟು ಹೊತ್ತು ಬೇಕಾದರೂ ಟೈಪ್ ಮಾಡಲಿ. ಎಷ್ಟಕ್ಕೆ ಕುದುರಿತು ಎಂದು ನಮಗೂ ತಿಳಿಸಿ. ಅವರು ಬರೆದರೆ ಅವರ ಪತ್ರವನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ, ಬಳ್ಳಾರಿ